ಬಸುರಿಯೆಂದು ಕೀವು ಕಟ್ಟಿದ ಕುರು ಬಿಡಬೇಡಿ

ಮಾನ್ಯ ಸಂಪಾದಕರೇ,

ಕಂಕುಳಲ್ಲಿ ಕುರು ಎದ್ದು ಕೀವು ಕಟ್ಟಿದ್ದರೂ ‘ಮರಗಟ್ಟೋ ಇಂಜೆಕ್ಷನ್ ಕೂಸಿಗೆ ಆಗಿಬರಲ್ಲ, ಹೆರಿಗೆ ಆದ ಮ್ಯಾಲ ನೋಡೋಣ್ರಿ’ ಎಂದು ಬಸುರಿಯರನ್ನು ಮನೆಗೆ ಕರೆದೊಯ್ಯುವುದು ಕಲಬುರಗಿ, ಯಾದಗಿರಿ ಕಡೆ ಹೊಸತಲ್ಲ. ನರುಲಿ ತೆಗೆಸುವಂಥ ಕೆಲಸವಾದರೆ ಕಾಯುವುದೇ ಸರಿ. ಕೀವು ಕಾಯುವುದಿಲ್ಲ. ಸೋಂಕು ರಕ್ತಕ್ಕಿಳಿದು ಜ್ವರ ಏರಿದರೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬರಬಹುದು. ಅದರ ಮುಂದೆ ಜಾಗ ಮರಗಟ್ಟಿಸುವ ಲಿಗ್ನೋಕೇನ್ ಮದ್ದು ಏನೂ ಅಲ್ಲ.

ಅಂಜಬೇಕಾದ್ದು ಪ್ರಮಾಣಕ್ಕೆ. ಅಡ್ರಿನಲಿನ್ (ರಕ್ತನಾಳ ಕುಗ್ಗಿಸುವ ಮದ್ದು) ಬೆರೆಸದ ಲಿಗ್ನೋಕೇನ್ ಒಂದು ಕೆ.ಜಿ. ತೂಕಕ್ಕೆ 4.5 ಮಿ.ಗ್ರಾಂ ದಾಟಬಾರದು. ಶೇ 2ರ ಮದ್ದಿನಲ್ಲಿ ಮಿ.ಲೀ.ಗೆ 20 ಮಿ.ಗ್ರಾಂ ಇರುತ್ತದೆ, 45 ಕೆ.ಜಿ. ತೂಗುವ ಹೆಣ್ಣುಮಗಳಿಗೆ 10 ಮಿ.ಲೀ. ಆಯಿತೆಂದರೆ ಗಡಿ ಮುಟ್ಟಿತು. ಮೇಜಿನ ಮೇಲಿರುವ ಬಾಟಲಿಯೋ 30 ಮಿ.ಲೀ.ಯದು! ಕೀವು ತುಂಬಿದ ಜಾಗದಲ್ಲಿ ಆಮ್ಲದ ಅಂಶ ಹೆಚ್ಚಿರುವುದರಿಂದ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಆಕೆ ನೋವೆಂದು ಚೀರುತ್ತಾಳೆ, ಚುಚ್ಚುವವರು ಮತ್ತಷ್ಟು ಏರಿಸುತ್ತಾರೆ. ಪ್ರಮಾಣ ಮೀರಿದರೆ ಬಾಯಿ ಸುತ್ತ ಜುಮುಜುಮು, ಕಿವಿಯಲ್ಲಿ ಗುಂಯ್, ಆಮೇಲೆ ಫಿಟ್ಸ್. ಕುರುವಿನೊಳಕ್ಕಲ್ಲ, ಸುತ್ತಲಿನ ಚೊಕ್ಕ ಚರ್ಮಕ್ಕೆ ಕೊಡಬೇಕು. ಪ್ರತಿ ಸಲವೂ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲವೆಂದು ನೋಡಿಯೇ ಮದ್ದು ಬಿಡಬೇಕು. ತಾಯಿ ಕಾರ್ಡಿನಲ್ಲಿ ತೂಕ ಬರೆದೇ ಇರುತ್ತದೆ, ಮೊದಲು ಅದನ್ನು ತೋರಿಸಿ.

ಐದು ತಿಂಗಳು ದಾಟಿದವರನ್ನು ಅಂಗಾತ ಮಲಗಿಸಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಅದುಮಿ ಬಿ.ಪಿ. ಇಳಿಯಬಹುದು. ಬೆವರು, ಕಣ್ಣಿಗೆ ಕತ್ತಲೆ. ಬೈಗುಳ ಮಾತ್ರ ಇಂಜೆಕ್ಷನ್ನಿಗೆ. ಬಲ ಸೊಂಟದ ಕೆಳಗೆ ಮಡಚಿದ ಚಾದರ ಇಟ್ಟು ಎಡಕ್ಕೆ ವಾಲಿಸಬೇಕು.

ಜಾಗವಷ್ಟೇ ಮರಗಟ್ಟಿಸುವುದಾದರೆ ಉಪವಾಸ ಬೇಕಿಲ್ಲ. ಪೂರ್ತಿ ಅರಿವಳಿಕೆಗೆ ಹಗುರ ಊಟವಾಗಿ 6 ತಾಸು, ಎಣ್ಣೆಯ ಪದಾರ್ಥ ತಿಂದಿದ್ದರೆ 8 ತಾಸು ಆಗಿರಬೇಕು; ನೀರು 2 ತಾಸು ಮೊದಲಿನವರೆಗೂ ಕುಡಿಯಬಹುದು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಮುಂಜಾನೆಯಿಂದ ನೀರೂ ಕೊಡದೆ ಕೂರಿಸುವುದು ಯಾವ ನ್ಯಾಯ? ಬಸುರಿಯರಿಗೆ ಹೊಟ್ಟೆಯಲ್ಲಿದ್ದದ್ದು ಮೇಲೇರಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚು, ಹಾಗಾಗಿ ಅರಿವಳಿಕೆ ತಜ್ಞರಿಲ್ಲದ ಕಡೆ ಮಂಪರು ಮದ್ದು ಬೇಡವೇ ಬೇಡ.

ನೋವಿಗೆ ಪ್ಯಾರಾಸಿಟಮಾಲ್ ಸಾಕು. ರೂಢಿಯಂತೆ ಡೈಕ್ಲೋಫೆನಾಕ್ ಚುಚ್ಚಿಸಿಕೊಳ್ಳಬೇಡಿ. 20 ವಾರದ ನಂತರ ಅದರಿಂದ ಗರ್ಭಜಲ ಕಡಿಮೆಯಾಗಬಹುದು. ಕುರು ಕೊಯ್ಯುವ ಮೊದಲೂ ಆಮೇಲೂ ಕೂಸಿನ ಎದೆಬಡಿತ ನೋಡಿಸಿ, ಕಾರ್ಡಿನಲ್ಲಿ ಬರೆಸಿಕೊಂಡೇ ಮನೆಗೆ ಹೊರಡಿ.

– ಅರಿವಳಿಕೆ ವೈದ್ಯರೊಬ್ಬರು, ಕಲಬುರಗಿ