ಸ್ವಯಂಸೇವೆಗೆ ಮುನ್ನ ಲೆಕ್ಕ ಕಲಿಸಿ

ಮಾನ್ಯರೇ,

ಸಮುದಾಯದ ಆರ್ಥಿಕ ಅಭಿವೃದ್ಧಿಯ ಕೆಲಸಕ್ಕೆ ಕಾಲೇಜು ವಿದ್ಯಾರ್ಥಿಗಳನ್ನು ಸ್ವಯಂಸೇವಕರಾಗಿ ಕಳುಹಿಸುವುದು ಒಳ್ಳೆಯದೇ. ಆದರೆ ಒಂದು ದಿನದ ಭಾಷಣ ಕೇಳಿಸಿ ಕಳುಹಿಸಿಬಿಟ್ಟರೆ ಸಾಲದು. ಇನ್ನೊಬ್ಬರ ದುಡಿಮೆ, ಸಾಲ, ಉಳಿತಾಯದ ವಿಷಯದಲ್ಲಿ ಅವರು ಮಾತಾಡಲು ಹೋಗುತ್ತಿದ್ದಾರೆ. ತಪ್ಪು ಸಲಹೆ ಕೊಟ್ಟರೆ ಅದರ ಬಡ್ಡಿ ಕಟ್ಟುವವರು ಆ ಮನೆಯವರು, ವಿದ್ಯಾರ್ಥಿಯಲ್ಲ.

ಮೊದಲು ಕಲಿಸಬೇಕಿರುವುದು ಲೆಕ್ಕ. ವಾಣಿಜ್ಯ ಓದಿದವರಿಗೆ ಬ್ಯಾಲೆನ್ಸ್ ಶೀಟ್ ಗೊತ್ತಿರುತ್ತದೆ. ಆದರೆ ಹೊಲಿಗೆ ಕೆಲಸ ಮಾಡುವ ಮಹಿಳೆಯೊಬ್ಬರ ಪಕ್ಕ ಕೂತು ಈ ತಿಂಗಳು ನಿಜಕ್ಕೂ ಉಳಿದದ್ದೆಷ್ಟು ಎಂದು ಹುಡುಕಲು ಬರುವುದಿಲ್ಲ. ಆಕೆಯ ಬಳಿ ಇರುವುದು ಒಂದೇ ಡಬ್ಬಿ. ಗಿರಾಕಿ ಕೊಟ್ಟ ಹಣ ಬೀಳುವುದೂ ಅದಕ್ಕೆ, ಮಗುವಿನ ಶುಲ್ಕಕ್ಕೆ ತೆಗೆಯುವುದೂ ಅದರಿಂದಲೇ. ದಾರ, ಗುಂಡಿ, ಮಷೀನಿನ ರಿಪೇರಿ ಬಾಯಿಲೆಕ್ಕದಲ್ಲಿರುತ್ತವೆ. ರಾತ್ರಿ ಕೂತು ಹೊಲಿದ ಗಂಟೆಗಳಿಗೆ ಆಕೆ ತನಗೆ ತಾನೇ ಕೂಲಿ ಹಾಕಿಕೊಂಡಿರುವುದೇ ಇಲ್ಲ. ಆ ಕೂಲಿಯನ್ನೂ ಸೇರಿಸಿದರೆ ಎಷ್ಟೋ ಸಲ ಲಾಭ ಅಂದುಕೊಂಡದ್ದು ನಷ್ಟವಾಗಿರುತ್ತದೆ. ಇದನ್ನು ನೋಡದೆ ‘ಸಾಲ ಮಾಡಿ ಇನ್ನೊಂದು ಮಷೀನು ಹಾಕಿ’ ಎನ್ನುವುದು ಅಪಾಯಕಾರಿ. ವರ್ಷದಲ್ಲಿ ಯಾವ ತಿಂಗಳು ಕೈ ಖಾಲಿ ಎಂದು ಕೇಳಿ, ಬಂದದ್ದು ಹೋದದ್ದನ್ನು ತಿಂಗಳುವಾರು ಆಕೆಯೇ ಬರೆದಿಡುವಂತೆ ಮಾಡುವಷ್ಟು ತಾಳ್ಮೆ ವಿದ್ಯಾರ್ಥಿಗೆ ಬಂದಿರಬೇಕು.

ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಮುಹಮ್ಮದ್ ಯೂನುಸ್, 1976ರಲ್ಲಿ ಪಕ್ಕದ ಜೋಬ್ರಾ ಹಳ್ಳಿಯ ಬಡವರಿಗೆ ಹಣ ಕೊಡುವ ಮುನ್ನ ತಮ್ಮ ವಿದ್ಯಾರ್ಥಿನಿಯೊಬ್ಬರಿಂದ ಒಂದು ಪಟ್ಟಿ ಮಾಡಿಸಿದ್ದರು. ವ್ಯಾಪಾರಿಗಳ ಸಾಲಕ್ಕೆ ಸಿಕ್ಕಿಕೊಂಡಿದ್ದವರು 42 ಮಂದಿ. ಎಲ್ಲರ ಸಾಲ ಸೇರಿ ಸುಮಾರು 27 ಡಾಲರ್. 1983ರಲ್ಲಿ, ಬಡವರಿಗೆ ಕಿರುಸಾಲ ಕೊಡುವ ಗ್ರಾಮೀಣ ಬ್ಯಾಂಕ್ ಆಗಿ ನಿಂತ ಕೆಲಸ ಶುರುವಾದದ್ದು ಹೀಗೆ. ಕಿರುಸಾಲದ ಬಗ್ಗೆ ಆಮೇಲೆ ಎದ್ದ ತಕರಾರುಗಳು ಬೇರೆ ಮಾತು, ಅವುಗಳಲ್ಲಿ ಹುರುಳೂ ಇದೆ. ಆದರೆ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡದ್ದರಿಂದಲೇ ಅಲ್ಲಿನ ಸಮಸ್ಯೆ ಎಷ್ಟು ಸಣ್ಣ ಮೊತ್ತದ್ದು ಎಂಬುದು ತಿಳಿಯಿತು. ಇದು ಪದವಿ ವಿದ್ಯಾರ್ಥಿಗಳ ಕೈಲಾಗುವ ಕೆಲಸ.

ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆ ಪೀಸ್ ಕೋರ್, ಬೇರೆ ದೇಶಗಳಿಗೆ 2 ವರ್ಷದ ಸೇವೆಗೆ ಹೋಗುವ ಸ್ವಯಂಸೇವಕರಿಗೆ ಸುಮಾರು 3 ತಿಂಗಳು ಸ್ಥಳೀಯ ಭಾಷೆ ಮತ್ತು ಕೆಲಸದ ತರಬೇತಿ ಕೊಡುತ್ತದೆ. ಕೆಲವೇ ವಾರ ಹೋಗುವವರಿಗೆ ಅಷ್ಟು ಬೇಕಿಲ್ಲ. ಹೊರಡುವ ಮುನ್ನ ಯಾವುದಾದರೂ ಸಣ್ಣ ಸಹಕಾರ ಸಂಘದಲ್ಲಿ ಕೂತು ರಸೀದಿ, ನಗದು ಪುಸ್ತಕ, ಸಾಲದ ಕಂತು ಹೊಂದಿಸಿ ನೋಡಲಿ. ತಾವು ಹೋಗುವ ಮನೆಗಳ ಹಣದ ವಿಚಾರವನ್ನು ಹೊರಗೆ ಆಡಬಾರದೆಂಬುದನ್ನೂ ಅಲ್ಲೇ ಕಲಿಯಲಿ.

ಕಾಲೇಜುಗಳಿಗೆ ನನ್ನದೊಂದು ಕೋರಿಕೆ: ವರದಿಯ ದಪ್ಪ ನೋಡಿ ಅಂಕ ಕೊಡಬೇಡಿ. ವಿದ್ಯಾರ್ಥಿ ವಾಪಸಾಗಿ ಆರು ತಿಂಗಳಾದ ಮೇಲೂ ನೆರವು ಪಡೆದ ಮನೆಯವರು ತಮ್ಮ ಲೆಕ್ಕವನ್ನು ತಾವೇ ಬರೆಯುತ್ತಿದ್ದಾರೆಯೇ ಎಂದು ವಿಚಾರಿಸಿ, ಆಮೇಲೆ ಅಂಕ ಹಾಕಿ. ಅಂಕಪಟ್ಟಿ ತುಸು ತಡವಾದರೂ ಚಿಂತೆಯಿಲ್ಲ.

ಇತಿ,
ವಾಣಿಜ್ಯ ವಿಭಾಗದ ಒಬ್ಬ ಅಧ್ಯಾಪಕಿ