ತದ್ರೂಪಿ ಬಿಯರ್ ಸ್ಪರ್ಧೆಯನ್ನು ಹಗುರವಾಗಿ ಕಾಣುವುದು ಬೇಡ

ಮಾನ್ಯ ಸಂಪಾದಕರೇ,

ಹೆಸರಾಂತ ಕ್ರಾಫ್ಟ್ ಬಿಯರ್ ಒಂದನ್ನು ಮನೆಯಲ್ಲೇ ಯಥಾವತ್ತಾಗಿ ತಯಾರಿಸಲು ಅಮೆರಿಕದ ಹವ್ಯಾಸಿಗಳು ನಡೆಸುವ ಪೈಪೋಟಿಯ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಓದಿದೆ. ಇನ್ನೊಬ್ಬರ ಸರಕನ್ನು ನಕಲು ಮಾಡುವುದರಲ್ಲಿ ಏನು ಹೆಚ್ಚುಗಾರಿಕೆ ಎಂಬ ಧಾಟಿ ಅದರಲ್ಲಿತ್ತು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, ಈ ಹವ್ಯಾಸವನ್ನು ಹತ್ತಿರದಿಂದ ಬಲ್ಲ ಕನ್ನಡಿಗನಾಗಿ ಆ ಮಾತನ್ನು ಒಪ್ಪಲಾರೆ. ಹೊಸ ರುಚಿಯ ಬಿಯರ್ ಮಾಡಹೊರಟವನು ಎಡವಿದರೂ ತಾನು ಬಯಸಿದ್ದೇ ಇದು ಎಂದು ಹೇಳಿಕೊಳ್ಳಬಹುದು. ಮೂಲ ಬಿಯರಿನ ಲೋಟ ಪಕ್ಕದಲ್ಲೇ ಇರುವಾಗ ಯಾರಿಗೂ ಆ ರಿಯಾಯಿತಿ ಸಿಗುವುದಿಲ್ಲ.

ಇಲ್ಲಿನವರು ಬಹಳವಾಗಿ ಬೆನ್ನುಹತ್ತುವ ಬಿಯರ್‌ಗಳಲ್ಲಿ ಚಿಕೊ ಪಟ್ಟಣದ ಸಿಯೆರಾ ನೆವಾಡಾ ಪೇಲ್ ಏಲ್ ಒಂದು. ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಒಂದಿಷ್ಟು ಕ್ಯಾರಮೆಲ್ ಮಾಲ್ಟ್, ಪರಿಮಳಕ್ಕೆ ಕ್ಯಾಸ್ಕೇಡ್ ತಳಿಯ ಹಾಪ್ಸ್ ಹೂ, ಶೇ 5.6ರಷ್ಟು ಆಲ್ಕೋಹಾಲ್: ಇದರಲ್ಲಿ ಗುಟ್ಟೇನೂ ಇಲ್ಲ. ಇಷ್ಟೆಲ್ಲ ತಿಳಿದ ಮೇಲೂ ಅದೇ ರುಚಿ ಕೈಗೆ ಹತ್ತುವುದಿಲ್ಲ. ನಲ್ಲಿ ನೀರಿನ ಕ್ಲೋರಿನ್ ತೆಗೆಯದೆ ಬಳಸಿದರೆ ಬಿಯರಿಗೆ ಔಷಧಿಯ ವಾಸನೆ ಅಂಟುತ್ತದೆ. ನೀರಿಗೆ ಬೆರೆಸುವ ಜಿಪ್ಸಂ ಎಂಬ ಲವಣ ಹೆಚ್ಚುಕಡಿಮೆಯಾದರೆ ಹಾಪ್ಸ್‌ನ ಕಹಿ ನಾಲಗೆಯ ಮೇಲೆ ನಿಲ್ಲುವ ಬಗೆಯೇ ಬೇರೆಯಾಗುತ್ತದೆ. ಕುದಿಯ ಕೊನೆಯಲ್ಲಿ ಹಾಕಬೇಕಾದ ಹಾಪ್ಸನ್ನು ಅವಸರದಲ್ಲಿ ಮೊದಲೇ ಹಾಕಿಬಿಟ್ಟರೆ ಈ ಬಿಯರಿನ ಗುರುತಾದ, ಚಕ್ಕೋತದ ಸಿಪ್ಪೆಯನ್ನು ನೆನಪಿಸುವ ಪರಿಮಳ ಬಹುಪಾಲು ಹಬೆಯೊಡನೆ ಹೊರಟುಹೋಗುತ್ತದೆ.

ಬಿಯರನ್ನು ಹುದುಗಿಸುವ ಯೀಸ್ಟ್‌ನದು ಇನ್ನೂ ಸೂಕ್ಷ್ಮವಾದ ವಿಷಯ. ಈ ಬಿಯರ್ ಬಾಟಲಿಯೊಳಗೂ ಸ್ವಲ್ಪ ಹುದುಗುವುದರಿಂದ ತಳದಲ್ಲಿ ಯೀಸ್ಟ್‌ನ ತೆಳುವಾದ ಗಷ್ಟು ಕೂತಿರುತ್ತದೆ. ಪಳಗಿದ ಹವ್ಯಾಸಿಗಳು ಬಿಯರನ್ನು ಮೆಲ್ಲಗೆ ಬಗ್ಗಿಸಿಕೊಂಡು, ಬಾಟಲಿಯ ಬಾಯಿಯನ್ನು ಬೆಂಕಿಯ ಜ್ವಾಲೆಗೆ ಒಡ್ಡಿ, ಉಳಿದ ಗಷ್ಟನ್ನು ಕಲಕಿ, ಕುದಿಸಿ ಆರಿಸಿದ ಮಾಲ್ಟ್ ನೀರಿಗೆ ಸುರಿಯುತ್ತಾರೆ. ನಮ್ಮ ಮನೆಗಳಲ್ಲಿ ನಾಳೆಯ ಹೆಪ್ಪಿಗೆಂದು ಒಂದಿಷ್ಟು ಮೊಸರು ತೆಗೆದಿಡುವಂಥದ್ದೇ ಜಾಣ್ಮೆ ಇದು. ಯೀಸ್ಟ್ ಎಚ್ಚೆತ್ತು ನೊರೆ ಕಟ್ಟುವವರೆಗೆ ಕಾದು, ಹಂತ ಹಂತವಾಗಿ ಅದನ್ನು ಹೆಚ್ಚಿಸಿಕೊಂಡು, ಆಮೇಲಷ್ಟೇ ಇಡೀ ಪಾತ್ರೆಗೆ ಸೇರಿಸಬೇಕು. ಇದೇ ತಳಿಯ ಯೀಸ್ಟ್ ಒಣಪುಡಿಯಾಗಿ ಅಂಗಡಿಯಲ್ಲೂ ದೊರೆಯುತ್ತದೆ ಎಂಬುದು ಬೇರೆ ಮಾತು. ಈ ಕೆಲಸದಿಂದ ಶುಚಿತ್ವ ಮತ್ತು ತಾಳ್ಮೆಯ ಬಗ್ಗೆ ಕಲಿಯುವುದು ಪುಡಿಯ ಪೊಟ್ಟಣದಲ್ಲಿ ಸಿಗುವುದಿಲ್ಲ.

ಈ ಬಿಯರಿನ ಸೃಷ್ಟಿಕರ್ತ ಕೆನ್ ಗ್ರಾಸ್‌ಮನ್ ಸ್ವತಃ ಮನೆಯಲ್ಲಿ ಬಿಯರ್ ಮಾಡುತ್ತಿದ್ದವರು. 1976ರಲ್ಲಿ ಚಿಕೊದಲ್ಲಿ ಹವ್ಯಾಸಿಗಳಿಗೆ ಬೇಕಾದ ಸಾಮಗ್ರಿಯ ಅಂಗಡಿ ತೆರೆದಿದ್ದ ಅವರು, 1980ರಲ್ಲಿ ಬ್ರೂವರಿ ಆರಂಭಿಸಿದಾಗ ಪ್ರತಿ ಸಲವೂ ಒಂದೇ ರುಚಿ ಬರಲಿಲ್ಲವೆಂದು ಪೇಲ್ ಏಲ್‌ನ ಹಲವು ಬ್ಯಾಚ್‌ಗಳನ್ನು ಚೆಲ್ಲಬೇಕಾಯಿತು. ತನ್ನದೇ ಬಿಯರನ್ನು ಎರಡನೆಯ ಸಲ ಹಾಗೆಯೇ ತರುವುದು ಅವರಿಗೇ ಇಷ್ಟು ಕಷ್ಟವಾಗಿದ್ದರೆ, ಅಡುಗೆಮನೆಯ ಒಲೆಯ ಮೇಲೆ ಅದನ್ನು ಸಾಧಿಸಿದವರ ಶ್ರಮವನ್ನು ಕಳ್ಳತನದ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಬ್ರೂವರಿಗಳೂ ಹಾಗೆ ಭಾವಿಸಿದಂತಿಲ್ಲ. ಸ್ಕಾಟ್ಲೆಂಡಿನ ಬ್ರೂಡಾಗ್ 2016ರಲ್ಲಿ ತನ್ನ ಬಿಯರ್‌ಗಳ ಪಾಕವಿಧಾನಗಳನ್ನು ಹವ್ಯಾಸಿಗಳಿಗೆಂದೇ ಉಚಿತವಾಗಿ ಪ್ರಕಟಿಸಿತು.

ಲೇಖಕರು ಆಕ್ಷೇಪಿಸಬಹುದಾಗಿದ್ದ ನಿಜವಾದ ಕೊರತೆ ತೀರ್ಪಿನ ಕ್ರಮದಲ್ಲಿದೆ. ಕೆಲವೆಡೆ ತೀರ್ಪುಗಾರರು ಮೂಲ ಬಿಯರಿನ ರುಚಿಯನ್ನು ನೆನಪಿನಿಂದಲೇ ಅಳೆಯುತ್ತಾರೆ, ಇಲ್ಲವೇ ಅಂಗಡಿಯ ಬೆಚ್ಚಗಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತ ಬಾಟಲಿಯನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಹಳತಾದ ಪೇಲ್ ಏಲ್‌ನಲ್ಲಿ ಹಾಪ್ಸ್‌ನ ಪರಿಮಳ ಕುಗ್ಗಿ ಒದ್ದೆ ರಟ್ಟಿನಂಥ ವಾಸನೆ ಮೂಡುತ್ತದೆ. ಆಗ ತಾಜಾ ಬಿಯರ್ ತಂದವರೇ ಸೋಲುತ್ತಾರೆ. ತುಂಬಿದ ದಿನಾಂಕ ನೋಡಿ ಕೊಂಡ, ತಂಪಿನಲ್ಲಿಟ್ಟ ಮೂಲ ಬಿಯರನ್ನು ಎರಡು ಲೋಟಗಳಿಗೂ ಸ್ಪರ್ಧಿಯದನ್ನು ಒಂದಕ್ಕೂ ಸುರಿದು, ಯಾವುದು ಯಾವುದೆಂದು ತಿಳಿಸದೆ, ಬೇರೆಯಾದದ್ದನ್ನು ಗುರುತಿಸಲು ಕೇಳಬೇಕು. ತೀರ್ಪುಗಾರರಲ್ಲಿ ಹೆಚ್ಚಿನವರಿಗೆ ಅದು ಸಾಧ್ಯವಾಗದಿದ್ದರೆ ಬಹುಮಾನಕ್ಕೆ ಬೇರೆ ಸಮರ್ಥನೆ ಬೇಕಾಗದು.

ಕೊನೆಯದಾಗಿ, ಆ ಬರಹದಲ್ಲಿ ಕಾನೂನಿನ ಪ್ರಸ್ತಾಪ ಇರಬೇಕಾಗಿತ್ತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಮಸೂದೆಯಿಂದಾಗಿ ಸ್ವಂತ ಬಳಕೆಗೆ, ಮಾರಾಟಕ್ಕಲ್ಲದೆ, ಮಿತ ಪ್ರಮಾಣದ ಬಿಯರ್ ಮಾಡಿಕೊಳ್ಳಲು ಒಕ್ಕೂಟ ಸರ್ಕಾರದ ತೆರಿಗೆಯ ಅಡ್ಡಿ ತಪ್ಪಿತು. ಅಲಬಾಮಾ ಮತ್ತು ಮಿಸಿಸಿಪ್ಪಿ ರಾಜ್ಯಗಳು ಮಾತ್ರ 2013ರವರೆಗೂ ಒಪ್ಪಿರಲಿಲ್ಲ. ಕರ್ನಾಟಕದಲ್ಲಾದರೋ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಓದುಗರಲ್ಲಿ ಯಾರೂ ಇದನ್ನರಿಯದೆ ತೊಂದರೆಗೆ ಸಿಲುಕದಂತೆ ಈ ಅಂಶವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ,
ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ