ಅಮ್ಮನ ಗಾಯ ಮಾಯ್ದಿದೆ

ಅಮ್ಮನ ತೊಡೆಯ ಮೇಲಿದ್ದ ಕೊನೆಯ ಗಾಯವೂ ಮಾಯ್ದಿದೆ. ಇನ್ನು ಡ್ರೆಸ್ಸಿಂಗ್ ಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ಈ ಸುದ್ದಿಗೆ ಕಾಯುತ್ತಿದ್ದವರು ತುಂಬ ಜನ ಇದ್ದೀರಿ.

ಏನಾಗಿತ್ತು ಅಂತ ಹಲವರು ಕೇಳಿದ್ದೀರಿ. ಕಾಯಿಲೆಯ ಹೆಸರು ಕ್ಯಾಲ್ಸಿಫಿಲಾಕ್ಸಿಸ್. ಕಿಡ್ನಿ ಸೋತವರಲ್ಲಿ, ಅದರಲ್ಲೂ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ, ಅಪರೂಪಕ್ಕೆ ಬರುತ್ತದೆ. ಚರ್ಮದಡಿಯ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ನಾಳ ಕಿರಿದಾಗಿ, ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತದೆ. ರಕ್ತ ಸಿಗದ ಚರ್ಮ ಸತ್ತು ಕಪ್ಪಾಗುತ್ತದೆ. ಆ ಗಾಯದಿಂದ ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ. ಈ ಕಾಯಿಲೆ ಬಂದ ಡಯಾಲಿಸಿಸ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಒಂದು ವರ್ಷ ದಾಟುವುದಿಲ್ಲ. ಡಾಕ್ಟರ್ ಇದನ್ನು ನಮ್ಮಿಂದ ಮುಚ್ಚಿಡಲಿಲ್ಲ. ಅದಕ್ಕೂ ಅವರಿಗೆ ಋಣಿ.

ಎಲ್ಲರಿಗಿಂತ ಮೊದಲು ಡಯಾಲಿಸಿಸ್ ಸಿಸ್ಟರ್‌ಗೆ ಕೈಮುಗಿಯಬೇಕು. ಅಮ್ಮನಿಗೆ ಗಾಯಕ್ಕಿಂತ ಮೊದಲು ಬಂದದ್ದು ನೋವು. ಮೇಲೆ ಕಾಣುತ್ತಿದ್ದದ್ದು ಬಲೆಯ ಹಾಗೆ ಹರಡಿದ ನೇರಳೆ ಗೆರೆಗಳಷ್ಟೇ. ಹೊದಿಕೆ ತಾಗಿದರೂ ಅಮ್ಮ ಚೀರುತ್ತಿದ್ದರು. "ಇಷ್ಟಕ್ಕೆ ಇಷ್ಟೊಂದು ನೋವಾ?" ಅಂದವರೇ ಜಾಸ್ತಿ. ಸಿಸ್ಟರ್ ಹಾಗನ್ನಲಿಲ್ಲ. ಮೆಲ್ಲಗೆ ಮುಟ್ಟಿ ನೋಡಿದರು. ಒಳಗೆ ಗಟ್ಟಿಯಾಗಿದೆ ಅಂತ ಆಗಲೇ ಕಿಡ್ನಿ ಡಾಕ್ಟರನ್ನು ಕರೆಸಿದರು. ಅಮ್ಮನ ಮಾತನ್ನು ನಂಬಿದರಲ್ಲ, ಅದನ್ನು ನಾನು ಮರೆಯಲಾರೆ.

ಅಮ್ಮ ಹೃದಯದ ತೊಂದರೆಗೆ ವಾರ್ಫರಿನ್ ಅನ್ನೋ ಮಾತ್ರೆ, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ತಗೊಳ್ಳುತ್ತಿದ್ದರು. ರಕ್ತನಾಳದಲ್ಲಿ ಕ್ಯಾಲ್ಸಿಯಂ ಕೂರದಂತೆ ತಡೆಯುವ ಒಂದು ಪ್ರೋಟೀನ್‌ಗೆ ವಿಟಮಿನ್ ಕೆ ಬೇಕು. ವಾರ್ಫರಿನ್ ಅದಕ್ಕೇ ಅಡ್ಡ ಬರುತ್ತದಂತೆ. ಕಿಡ್ನಿ ಡಾಕ್ಟರ್, ಹೃದಯದ ಡಾಕ್ಟರ್ ಇಬ್ಬರೂ ಕೂತು ಮಾತಾಡಿ ಆ ಮಾತ್ರೆ ಬದಲಿಸಿದರು. ಕ್ಯಾಲ್ಸಿಯಂ ಇದ್ದ ಮಾತ್ರೆಗಳನ್ನೂ ನಿಲ್ಲಿಸಿದರು. ಡಯಾಲಿಸಿಸ್‌ನ ಕೊನೆಯ ಗಂಟೆಯಲ್ಲಿ ಈ ಕಾಯಿಲೆಗೆ ಕೊಡುವ ಸೋಡಿಯಂ ಥಯೋಸಲ್ಫೇಟ್ ಅನ್ನೋ ಔಷಧಿಯ ಡ್ರಿಪ್ ಶುರುವಾಯಿತು. ಅದು ಎಲ್ಲರಿಗೂ ಫಲ ಕೊಡುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ ಅಂತ ಮೊದಲೇ ಹೇಳಿದ್ದರು. ವಾಕರಿಕೆ ವಿಪರೀತ ಇತ್ತು. ಅಮ್ಮ ತಡೆದುಕೊಂಡರು.

ಡ್ರೆಸ್ಸಿಂಗ್ ಮಾಡುತ್ತಿದ್ದ ಸಿಸ್ಟರ್, ನೋವಿನ ಔಷಧಿ ಕೆಲಸ ಮಾಡುವವರೆಗೆ ಒಮ್ಮೆಯೂ ಪಟ್ಟಿ ಬಿಚ್ಚಲಿಲ್ಲ. ಎಷ್ಟೇ ಕೆಲಸ ಇದ್ದರೂ ಕಾಯುತ್ತಿದ್ದರು. ಅತ್ತಿಗೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ಅಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸಿದರು.

ಇನ್ನೊಬ್ಬರಿದ್ದಾರೆ. ಅಮ್ಮನಿಗೆ ಡಯಾಲಿಸಿಸ್ ಹೆಚ್ಚಿಸಬೇಕಾದಾಗ ಮಷೀನ್ ಖಾಲಿ ಇರಲಿಲ್ಲ. ಪಕ್ಕದ ಬೆಡ್‌ನ ಅಣ್ಣ ತಮಗಿದ್ದ ಬೆಳಗಿನ ಸರದಿ ಬಿಟ್ಟುಕೊಟ್ಟು ರಾತ್ರಿ ಪಾಳಿಗೆ ಹೋದರು. ಅವರೂ ರೋಗಿಯೇ, ಅವರಿಗೂ ಸುಸ್ತು ಇರುತ್ತದೆ ಅಲ್ವಾ? ಅಣ್ಣಾ, ಈ ವಾರದಿಂದ ಅಮ್ಮನಿಗೆ ಮತ್ತೆ ಮೊದಲಿನಷ್ಟೇ ಡಯಾಲಿಸಿಸ್ ಸಾಕಂತೆ. ನಿಮ್ಮ ಬೆಳಗಿನ ಸರದಿ ಇನ್ನು ನಿಮ್ಮದೇ.